ಸವಾರಿ ಹೊರಡುವ ಮುನ್ನ ಒಂದು ಸುತ್ತು

ಮಗು ಮೊದಲ ಹೆಜ್ಜೆ ಇಟ್ಟ ದಿನ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ. ಮಾರನೆಯ ದಿನದಿಂದ ಅದೇ ಮನೆಮಂದಿ ಅದೇ ಮಗುವಿಗೆ "ಕೂತ್ಕೋ" ಎನ್ನಲು ಶುರು ಮಾಡುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇ ತಾನೆ?

ಈ ಕಥೆಯ ಮನೆಯಲ್ಲೂ ಹೀಗೇ ಆಯಿತು. ಅಲ್ಲಿ ಒಂದೂವರೆ ವರ್ಷದ ಹುಡುಗಿ ಇದ್ದಾಳೆ. ಅವಳಿಗೆ ಯೋಚಿಸಿ ಆರಿಸಿ ಇಟ್ಟ ಒಳ್ಳೆಯ ಹೆಸರೊಂದಿದೆ. ಆದರೆ ಎಲ್ಲರೂ ಕರೆಯುವುದು ಸವಾರಿ ಎಂದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಹಾಸಿಗೆಯಿಂದ ಜಾರಿ ಇಳಿದು, ಹೊಟ್ಟೆ ಮುಂದೆ ಮಾಡಿ, ಎರಡೂ ಕೈ ಚಾಚಿಕೊಂಡು ಹೊರಟಳೆಂದರೆ ಮುಗಿಯಿತು. ನಡುಮನೆ, ಅಡುಗೆಮನೆ, ಬಚ್ಚಲುಮನೆ, ಮತ್ತೆ ನಡುಮನೆ. ಅವಳು ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಹೋಗುತ್ತಾಳೆ. "ಎಲ್ಲಿಗೆ ಹೊರಟಿತು ಸವಾರಿ?" ಎಂದು ತಾತ ಒಮ್ಮೆ ಕೇಳಿದ್ದೇ ಹೆಸರಾಗಿ ನಿಂತಿತು.

ತಾತ ಬಸ್ ಡ್ರೈವರ್ ಆಗಿದ್ದವರು. ಈಗ ನಿವೃತ್ತಿ. ಖಾಕಿ ಹೋಗಿದೆ, ಮೀಸೆ ಉಳಿದಿದೆ. ಕ್ಲಚ್ ಒತ್ತಿ ಒತ್ತಿ ಎಡ ಮಂಡಿ ಸವೆದಿದೆ. ಅವರ ಮಗ, ಅಂದರೆ ಸವಾರಿಯ ಅಪ್ಪ, ಫ್ರಿಜ್ ರಿಪೇರಿ ಮಾಡುತ್ತಾನೆ. ಅಮ್ಮ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಸವಾರಿ ಹುಟ್ಟಿದ ಮೇಲೆ ಬಿಟ್ಟಿದ್ದಳು. ಬೇಕರಿಯ ಯಜಮಾನಿ ಈಗ ಹೇಳಿ ಕಳಿಸಿದ್ದಳು: "ಸೋಮವಾರದಿಂದ ಬಾ. ಬರದಿದ್ರೆ ಬೇರೆಯವರನ್ನ ತಗೋಬೇಕಾಗುತ್ತೆ, ನನ್ನನ್ನ ಬೈಕೋಬೇಡ." ಅಮ್ಮನಿಗೆ ಹೋಗುವ ಆಸೆ ಬೆಟ್ಟದಷ್ಟಿತ್ತು. ಮನೆಗೆ ಮಾತ್ರವಲ್ಲ, ಅವಳ ಕೈಗಳಿಗೂ ಆ ಕೆಲಸ ಬೇಕಾಗಿತ್ತು. ಕೇಕಿನ ಮೇಲೆ ಕೆನೆಯ ಗುಲಾಬಿ ಬಿಡಿಸುವುದನ್ನು ಮರೆತಿಲ್ಲ ತಾನೆ ಎಂದು ನೋಡಿಕೊಳ್ಳಲು, ತಟ್ಟೆಯ ಬೆನ್ನಿನ ಮೇಲೆ ಬೇಯಿಸಿ ನುಣ್ಣಗೆ ಮಾಡಿದ ಆಲೂಗಡ್ಡೆಯಲ್ಲಿ ಗುಲಾಬಿ ಮಾಡಿ ಮಾಡಿ ಅಳಿಸುತ್ತಿದ್ದಳು.

ಸೋಮವಾರದಿಂದ ಮಗುವಿನ ಜೊತೆ ಇರಬೇಕಾದವರು ತಾತ ಒಬ್ಬರೇ.

ಶನಿವಾರ ಬೆಳಗ್ಗೆ ತಾತ ಎಲ್ಲಿಗೋ ಹೋಗಿ ಬಂದರು. ಬರುವಾಗ ಜೊತೆಯಲ್ಲಿ ಒಂದು ತಳ್ಳುಗಾಡಿ, ಅದರ ಮೇಲೆ ಗುಜರಿ ಅಂಗಡಿಯ ಹಳೆಯ ಬಸ್ ಸೀಟು.

"ಏನು ಮಾವ ಇದು?" ಎಂದಳು ಸೊಸೆ.

"ಸೀಟು."

"ಅದು ಕಾಣ್ತಿದೆ. ಯಾರಿಗೆ ಅಂತ?"

"ಸವಾರಿಗೆ. ನೋಡಮ್ಮ, ಬೆಲ್ಟ್ ಕೂಡ ಗಟ್ಟಿಯಾಗಿದೆ. ಸೋಮವಾರದಿಂದ ನೀವಿಬ್ಬರೂ ಕೆಲಸಕ್ಕೆ. ಮನೇಲಿ ನಾನು, ಅವಳು. ಅವಳಿಗೆ ಕಾಲು ಎರಡು, ನನಗೆ ಒಂದೂವರೆ. ಓಡಿದ್ರೆ ಯಾರು ಗೆಲ್ತಾರೆ ನೀನೇ ಹೇಳು."

ಸೊಸೆ ಗಂಡನ ಮುಖ ನೋಡಿದಳು. ಗಂಡ ಸ್ಪ್ಯಾನರ್ ಹುಡುಕತೊಡಗಿದ. ಅಪ್ಪನ ಮಾತಿಗೆ ಎದುರಾಡಿ ಅವನಿಗೆ ರೂಢಿ ಇರಲಿಲ್ಲ. ಹಲಗೆಯೊಂದಕ್ಕೆ ಸೀಟನ್ನು ಬೋಲ್ಟು ಹಾಕಿ ಬಿಗಿದು ನಡುಮನೆಯಲ್ಲಿ ನಿಲ್ಲಿಸಿದ.

ಸವಾರಿಗೆ ಮೊದಲು ಖುಷಿಯೋ ಖುಷಿ. ತಾತ ಬಾಯಲ್ಲೇ ಹಾರ್ನ್ ಹೊಡೆದರು, ಗೇರ್ ಬದಲಾಯಿಸಿದರು, ತಿರುವಿನಲ್ಲಿ ವಾಲಿದರು. ಅವಳೂ ವಾಲಿದಳು. ಆಮೇಲೆ ಇಳಿಯಬೇಕೆನಿಸಿತು. ಬೆಲ್ಟ್ ನೋಡಿದಳು. ತಾತನನ್ನು ನೋಡಿದಳು. ಮತ್ತೆ ಬೆಲ್ಟ್ ನೋಡಿದಳು. ಅನಂತರ ಎದ್ದ ಕೂಗು ಚಾವಣಿಯವರೆಗೂ ಹೋಗಿ, ಚಾವಣಿ ದಾಟಿ, ಮೇಲಿನ ಮನೆಗೂ ತಲುಪಿತು.

ಮೇಲಿನ ಮನೆಯಲ್ಲಿ ನರ್ಸಮ್ಮ ಇರುತ್ತಾರೆ. ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕುವವರು. ಬೀದಿಯ ಮಕ್ಕಳೆಲ್ಲ ಅವರನ್ನು ಕಂಡರೆ ಮನೆಯೊಳಗೆ ಓಡುತ್ತವೆ. ಸವಾರಿಯೊಬ್ಬಳು ಅವರ ಕಡೆಗೇ ಓಡುತ್ತಾಳೆ, ಅವಳಿಗೆ ಓಡಲು ನೆಪ ಸಿಕ್ಕರೆ ಸಾಕು. ಆ ದಿನ ನರ್ಸಮ್ಮನಿಗೆ ರಜೆ. ಚಹಾ ಲೋಟ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದರು.

"ಏನು ಡ್ರೈವರ್ ಸಾಹೇಬ್ರೇ, ಮನೇಲಿ ಕರು ಕಟ್ಟಿದ್ದೀರಾ?"

"ಬನ್ನಿ ನರ್ಸಮ್ಮ. ಟಿಕೆಟ್ ಇಲ್ಲದ ಪ್ಯಾಸೆಂಜರ್ ಒಬ್ಬಳನ್ನ ಹಿಡಿದು ಕೂರಿಸಿದ್ದೀನಿ."

"ಎಷ್ಟು ಹೊತ್ತು ಕೂರಿಸ್ತೀರಿ ಹೀಗೆ?"

"ಸೋಮವಾರದಿಂದ ಅವರಮ್ಮ ಬರೋವರೆಗೆ. ಬೆಳಗ್ಗೆಯಿಂದ ಮಧ್ಯಾಹ್ನದ ತನಕ."

"ಅಬ್ಬಾ! ನಿಮ್ಮನ್ನ ಅಷ್ಟು ಹೊತ್ತು ಸೀಟಿಂದ ಇಳಿಸದೆ ಕೂರಿಸಿದ್ದಿದ್ರೆ ನೀವು ಸುಮ್ಮನಿರ್ತಿದ್ರಾ? ಮುಷ್ಕರ ಹೂಡ್ತಿದ್ರಿ."

ತಾತ ಮೀಸೆ ತೀಡಿಕೊಂಡರು. "ನರ್ಸಮ್ಮ, ಬೆಲ್ಟ್ ಅಂದ್ರೆ ಸುರಕ್ಷತೆ. ನೀವು ಓದಿದವರು, ನಿಮಗೆ ನಾನು ಹೇಳ್ಬೇಕಾ?"

"ಬೆಲ್ಟ್ ಬೇಕು, ಗಾಡಿ ಓಡುವಾಗ. ಈಗ ನಿಮ್ಮ ಮನೆ ಓಡ್ತಾ ಇದೆಯಾ?"

ಸೊಸೆ ಸೆರಗಿನಲ್ಲಿ ನಗು ಒರೆಸಿಕೊಂಡಳು. ತಾತನಿಗೆ ಅದು ಕಂಡಿತು.

"ನಮ್ಮ ಕಾಲದಲ್ಲಿ ಮಂಚದ ಕಾಲಿಗೆ ಕಟ್ಟಿ ಹಾಕ್ತಿದ್ರು. ನಾನೇನು ಬೆಳೀಲಿಲ್ವಾ?"

"ಬೆಳೆದ್ರಿ. ಕಟ್ಟಿದ್ದಕ್ಕೆ ಬೆಳೀಲಿಲ್ಲ, ಕಟ್ಟಿದ್ರೂ ಬೆಳೆದ್ರಿ. ನೋಡಿ, ಈ ವಯಸ್ಸಿನ ಮಗು ದಿನಕ್ಕೆ ಎಲ್ಲ ಸೇರಿ ಮೂರು ಗಂಟೆಯಾದ್ರೂ ಓಡಾಡ್ಬೇಕು, ಹತ್ತಬೇಕು, ಇಳೀಬೇಕು. ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಲೇಬಾರದು. ನಡೆದ್ರೇನೇ ಕಾಲಿಗೆ ಬಲ, ಮೈಗೆ ಹಿಡಿತ, ತಲೆಗೆ ಚುರುಕು. ಅಷ್ಟೇ ಅಲ್ಲ, ದೊಡ್ಡವರ ಬೆಲ್ಟಿನಲ್ಲಿ ಮಗು ಕೆಳಕ್ಕೆ ಜಾರುತ್ತೆ. ಜಾರಿ ಬೆಲ್ಟು ಕುತ್ತಿಗೆಗೆ ಬಂದ್ರೆ?"

"ನಾನು ಪಕ್ಕದಲ್ಲೇ ಇರ್ತೀನಲ್ಲ! ಮೂವತ್ತು ವರ್ಷ ಸ್ಟೇರಿಂಗ್ ಹಿಡಿದಿದ್ದೀನಿ. ಒಂದು ಕೋಳಿಗೂ ಗೀರು ತಾಗಿಲ್ಲ."

ಇದು ತಾತನ ಕೊನೆಯ ಅಸ್ತ್ರ. ಇದಾದ ಮೇಲೆ ಆ ಮನೆಯಲ್ಲಿ ಯಾರೂ ವಾದ ಮಾಡುವುದಿಲ್ಲ. ನರ್ಸಮ್ಮ ಚಹಾ ಮುಗಿಸಿದರು. "ಕೋಳಿ ಅದೃಷ್ಟ ಮಾಡಿತ್ತು," ಎಂದು ಹೇಳಿ ಮೇಲೆ ಹೋದರು.

ಮಧ್ಯಾಹ್ನ ಅಮ್ಮ ಬೇಕರಿಗೆ ಹೋದಳು, ಹೊಸ ಏಪ್ರನ್ ತರಲು. ಅಪ್ಪ ಬಾಗಿಲಾಚೆ ಯಾರದೋ ಫ್ರಿಜ್ಜಿನ ಬೆನ್ನು ಬಿಚ್ಚಿ ಕೂತಿದ್ದ. ತಾತ ಸವಾರಿಯನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ತಾವು ಎದುರಿನ ಗೋಡೆಗೆ ಒರಗಿದರು. ಒಂದು ಸಣ್ಣ ಪರೀಕ್ಷೆ, ಅಷ್ಟೇ. ಸವಾರಿ ಅತ್ತಳು, ಗೊಣಗಿದಳು, ಕಾಲು ಬಡಿದಳು. ಕಾಲು ಬಡಿಯುವ ಸದ್ದು ಒಂದೇ ಲಯದಲ್ಲಿ ಎಂಜಿನ್ನಿನ ಹಾಗೆ ಕೇಳುತ್ತಿತ್ತು. ಆ ಲಯಕ್ಕೆ ತಾತನ ಕಣ್ಣು ಮುಚ್ಚಿತು.

ಡ್ರೈವರನನ್ನು ಎಬ್ಬಿಸುವುದು ಸದ್ದಲ್ಲ, ಸದ್ದು ನಿಂತಾಗಿನ ಮೌನ. ತಾತ ಕಣ್ಣು ಬಿಟ್ಟರು.

ಬೆಲ್ಟ್ ಹಾಕಿದ ಹಾಗೇ ಇತ್ತು. ಒಳಗೆ ಸವಾರಿ ಇರಲಿಲ್ಲ.

ಆ ಒಂದೂವರೆ ಕಾಲಿನಲ್ಲಿ ತಾತ ಹೇಗೆ ಎದ್ದರೋ, ಹೇಗೆ ಓಡಿದರೋ. ಬಚ್ಚಲುಮನೆಯಲ್ಲಿ ಇಲ್ಲ. ಬಾಗಿಲ ಬಳಿ ಇಲ್ಲ. ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಕಪಾಟು ತೆರೆದಿತ್ತು. ಅದರ ಮುಂದೆ ಸವಾರಿ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಕಿತ್ತಳೆಹಣ್ಣಿನ ಚಿತ್ರದ ಜ್ಯೂಸ್ ಬಾಟಲಿ. ಮುಚ್ಚಳವನ್ನು ಹೊಸ ಹಲ್ಲುಗಳಲ್ಲಿ ಕಚ್ಚಿ ತಿರುವುತ್ತಿದ್ದಳು.

ತಾತ ಬಾಟಲಿ ಕಿತ್ತುಕೊಂಡರು. ಮುಚ್ಚಳ ಸಡಿಲವಾಗಿತ್ತು. ಮೂಗಿಗೆ ಹಿಡಿದರು. ಕಣ್ಣು ಉರಿಯಿತು. ಅದು ಜ್ಯೂಸ್ ಆಗಿರಲಿಲ್ಲ.

"ನರ್ಸಮ್ಮಾ!" ಎಂದು ಅವರು ಕೂಗಿದ ಕೂಗಿಗೆ ಬೀದಿಯ ನಾಯಿಗಳೂ ಎದ್ದು ನಿಂತವು.

ನರ್ಸಮ್ಮ ಓಡಿ ಬಂದು ಮಗುವನ್ನು ಬೆಳಕಿಗೆ ಹಿಡಿದು ತುಟಿ ನೋಡಿದರು, ನಾಲಿಗೆ ನೋಡಿದರು, ಕೈ, ಗಲ್ಲ, ಅಂಗಿ ಮುಟ್ಟಿ ನೋಡಿದರು. ಎಲ್ಲ ಒಣಗಿತ್ತು. ಒಂದು ಹನಿಯೂ ಹೊರಗೆ ಬಂದಿರಲಿಲ್ಲ. ಸವಾರಿ ತನ್ನ ಬಾಟಲಿ ವಾಪಸ್ ಕೊಡಿ ಎಂದು ಕೈ ಚಾಚಿದಳು.

"ಏನೂ ಆಗಿಲ್ಲ. ಗೆದ್ವಿ," ಎಂದರು ನರ್ಸಮ್ಮ. "ಒಂದು ವೇಳೆ ಕುಡಿದಿದ್ರೆ, ಎಲ್ಲರೂ ಕೇಳಿಸ್ಕೊಳ್ಳಿ. ವಾಂತಿ ಮಾಡಿಸೋಕೆ ಹೋಗಬಾರದು. ಉಪ್ಪುನೀರು ಅದೂ ಇದೂ ಕುಡಿಸಬಾರದು. ಬಾಟಲಿ ಸಮೇತ ನೇರ ಆಸ್ಪತ್ರೆ. ಇದನ್ನ ಇಲ್ಲಿ ಇಟ್ಟವರು ಯಾರು?"

ಅಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. "ನಾನು. ಫ್ರಿಜ್ಜಿನ ಕಾಯಿಲ್ ತೊಳೆಯೋ ಔಷಧಿ. ದೊಡ್ಡ ಕ್ಯಾನು ಹೊತ್ಕೊಂಡು ಓಡಾಡೋದು ಕಷ್ಟ ಅಂತ ಸಣ್ಣ ಬಾಟಲಿಗೆ ಸುರಿದಿಟ್ಟಿದ್ದೆ. ಮೇಲೆ ಪೆನ್ನಲ್ಲಿ 'ವಿಷ' ಅಂತ ಬರೆದಿದ್ದೀನಲ್ಲ..."

"ನಿನ್ನ ಮಗಳು ಓದ್ತಾಳೇನಪ್ಪಾ? ಅವಳು ಚಿತ್ರ ನೋಡ್ತಾಳೆ. ಚಿತ್ರದಲ್ಲಿ ಕಿತ್ತಳೆಹಣ್ಣಿದೆ."

ಅಮ್ಮ ಬಂದಾಗ ಅವಳ ತೋಳಿನ ಮೇಲೆ ಹೊಸ ಏಪ್ರನ್ ಇತ್ತು. ವಿಷಯ ತಿಳಿದು ಮಗುವನ್ನು ಎತ್ತಿಕೊಂಡವಳು ಕೆಳಗಿಳಿಸಲೇ ಇಲ್ಲ. ತಾತ ಅವಳ ಮುಖ ನೋಡದೆ, ಬಸ್ ಸೀಟನ್ನು ನೋಡುತ್ತ ಹೇಳಿದರು:

"ಸೋಮವಾರ ಹೋಗಬೇಡಮ್ಮ. ನನ್ನ ಕೈಲಿ ಆಗಲ್ಲ."

ಅಮ್ಮ ಏಪ್ರನ್ ಅನ್ನು ಮೊಳೆಗೆ ನೇತುಹಾಕಿದಳು. ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ.

ಸಂಜೆ ನರ್ಸಮ್ಮ ಮತ್ತೆ ಇಳಿದು ಬಂದರು. ಬಂದವರೇ ಬಸ್ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

"ಡ್ರೈವರ್ ಸಾಹೇಬ್ರೇ, ಒಂದು ಅನುಮಾನ. ಬೆಳಗ್ಗೆ ಡಿಪೋಗೆ ಹೋದ ಕೂಡಲೇ ಗಾಡಿ ಹತ್ತಿ ಹೊರಟುಬಿಡ್ತಿದ್ರಾ?"

"ಛೆ ಛೆ. ಹಾಗೆ ಹೊರಡೋನು ಡ್ರೈವರ್ರೇ ಅಲ್ಲ. ಮೊದಲು ಸುತ್ತು ಹಾಕ್ಬೇಕು."

"ಎಂಥ ಸುತ್ತು?"

ತಾತನ ಬೆನ್ನು ಸ್ವಲ್ಪ ನೆಟ್ಟಗಾಯಿತು. "ಗಾಡಿ ಸುತ್ತ. ಟಯರ್ ಒದ್ದು ನೋಡ್ಬೇಕು. ಎಣ್ಣೆ ಸೋರ್ತಿದೆಯಾ, ಬಗ್ಗಿ ನೋಡ್ಬೇಕು. ಗಾಡಿ ಕೆಳಗೆ ನಾಯಿ ಮಲಗಿರುತ್ತೆ. ಹಿಂದೆ ಮಕ್ಕಳು ಆಡ್ತಿರ್ತಾವೆ. ಮಳೆ ಬರಲಿ, ಬಿಸಿಲಿರಲಿ, ಮೇಲಧಿಕಾರಿ ಬಂದು ಬೊಬ್ಬೆ ಹೊಡೀಲಿ, ಸುತ್ತು ಹಾಕದೆ ನಾನು ಹತ್ತಿದವನಲ್ಲ."

"ಅಷ್ಟು ದೊಡ್ಡ ಗಾಜಿದೆ, ಕನ್ನಡಿ ಇದೆ. ಸೀಟಲ್ಲಿ ಕೂತೇ ನೋಡಬಹುದಲ್ಲ?"

"ಅದೇ ಗೊತ್ತಿರೋದಿಲ್ಲ ಜನಕ್ಕೆ. ಎತ್ತರದಲ್ಲಿ ಕೂತವನಿಗೆ ದೂರದ್ದು ಕಾಣುತ್ತೆ, ಬುಡದ್ದು ಕಾಣಲ್ಲ. ಬಂಪರ್ ಮುಂದೆ ಮಗು ನಿಂತಿದ್ರೆ ಎಂಥಾ ಡ್ರೈವರ್‌ಗೂ ಕಾಣಲ್ಲ. ಇಳಿದು ಬಗ್ಗಿದ್ರೆ ಮಾತ್ರ..."

ಮಾತು ಅಲ್ಲೇ ನಿಂತಿತು. ತಾತನ ಕಣ್ಣು ನಿಧಾನವಾಗಿ ಅಡುಗೆಮನೆಯ ಕಡೆ ಹೊರಳಿತು.

ನರ್ಸಮ್ಮ ಮೆಲ್ಲಗೆ ಕೇಳಿದರು: "ಈ ಮನೆಗೆ ಯಾವತ್ತಾದ್ರೂ ಒಂದು ಸುತ್ತು ಹಾಕಿದ್ದೀರಾ? ಇಳಿದು, ಬಗ್ಗಿ?"

ತಾತ ಬಹಳ ಹೊತ್ತು ಮೀಸೆ ಮುಟ್ಟಲಿಲ್ಲ.

"ನಾಳೆ ಭಾನುವಾರ," ಎಂದರು ಕೊನೆಗೆ. "ಎಲ್ಲರೂ ಮನೇಲೇ ಇರ್ತೀರಲ್ಲ?"

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ನಡೆದದ್ದನ್ನು ನೋಡಿದವರು ಪುಣ್ಯವಂತರು. ತಾತನ ಸವೆದ ಮಂಡಿ ನೆಲಕ್ಕೆ ತಾಗಬಾರದೆಂದು ಸೊಸೆ ತನ್ನ ಹಳೆಯ ಬೇಕರಿ ಕೈಗವಸು ತಂದಳು, ಬಿಸಿ ತಟ್ಟೆ ಹಿಡಿಯುವ ದಪ್ಪನೆಯವು. ಎರಡೂ ಮಂಡಿಗೆ ಒಂದೊಂದು ಕಟ್ಟಿದಳು. ತಾತ ನಾಲ್ಕು ಕಾಲಿನಲ್ಲಿ ನಿಂತರು. ಸವಾರಿಗೆ ನಂಬಲಾಗಲಿಲ್ಲ. ಇಷ್ಟು ದಿನ ಮುಗಿಲಲ್ಲಿದ್ದ ಮೀಸೆ ಈಗ ಅವಳ ಮೂಗಿನ ಎದುರಿಗೇ ಇತ್ತು. ಮೊದಲು ಅದನ್ನು ಎಳೆದು ನೋಡಿದಳು.

"ಇವತ್ತು ಡ್ರೈವರ್ ಸವಾರಿ," ಎಂದರು ನರ್ಸಮ್ಮ. "ಅವಳು ಹೋದಲ್ಲಿಗೆ ಹೋಗೋದು, ಅವಳು ನೋಡಿದ್ದನ್ನ ನೋಡೋದು. ನೀವು ಕ್ಲೀನರ್."

"ಈ ವಯಸ್ಸಲ್ಲಿ ಕ್ಲೀನರ್ ಮಾಡಿಬಿಟ್ರಾ ನನ್ನನ್ನ?"

"ಕೆಲಸ ಮಾಡಿ ತೋರಿಸಿ. ಬಡ್ತಿ ಕೊಡೋಣ."

ಅಪ್ಪ ಕಂಡಕ್ಟರನ ಸೀಟಿಯೊಂದನ್ನು ತಂದು ಊದಿದ. ಸವಾರಿ ಹೊರಟಿತು.

ಆ ಎತ್ತರದಲ್ಲಿ ಮನೆ ಬೇರೆಯೇ ಮನೆ. ಮೇಜು ಅಲ್ಲಿ ಮೇಜಲ್ಲ, ಚಾವಣಿ. ಅದರ ಹೊಟ್ಟೆಯಲ್ಲಿ ಯಾರೂ ಪಾಲಿಶ್ ಮಾಡದ ಒರಟು ಮರ, ಹೊರಬಂದ ಒಂದು ಮೊಳೆ. ಮೇಜಿನ ಬಟ್ಟೆಯ ಅಂಚು ಕಣ್ಣ ಮುಂದೆ ತೂಗುತ್ತದೆ, ನನ್ನನ್ನು ಎಳೆ ಎನ್ನುತ್ತದೆ. ಸವಾರಿ ಎಳೆಯಲು ಕೈ ಹಾಕಿದಳು. ತಾತ ತಲೆ ಎತ್ತಿದರು. ಮೇಲೆ, ಅಂಚಿನಲ್ಲೇ, ಅವರದೇ ಚಹಾ ಲೋಟ ಹಬೆಯಾಡುತ್ತಿತ್ತು.

"ಹೋಲ್ಡಾನ್!" ಎಂದರು ತಾತ, ಬಸ್ ನಿಲ್ಲಿಸುವ ದನಿಯಲ್ಲಿ. ಬಟ್ಟೆ ಹೋಯಿತು. ಲೋಟ ಮೇಜಿನ ನಡುವಿಗೆ ಹೋಯಿತು.

ಮುಂದೆ ಇಸ್ತ್ರಿಪೆಟ್ಟಿಗೆಯ ವೈರು ಗೋಡೆಯಿಂದ ಹಗ್ಗದಂತೆ ಇಳಿಬಿದ್ದಿತ್ತು. "ಹೋಲ್ಡಾನ್!" ಅಪ್ಪ ಸುತ್ತಿ ಮೇಲಿಟ್ಟ. ಸೋಫಾದ ಕೆಳಗೆ ಸವಾರಿ ಹೊಟ್ಟೆಯ ಮೇಲೆ ಮಲಗಿ ಕೈ ತೂರಿಸಿದಳು. ತಾತನೂ ಮಲಗಿದರು. ಎದ್ದಾಗ ಮೀಸೆಯ ತುಂಬ ಧೂಳು, ಅಂಗೈಯಲ್ಲಿ ಗುಂಡಿಯಂಥ ಒಂದು ಸಣ್ಣ ಬ್ಯಾಟರಿ.

"ಜಟ್ಟಿ ಬೀಳದೇನೇ ಮೀಸೆ ಮಣ್ಣಾಯ್ತಲ್ಲ!" ಎಂದು ನಕ್ಕ ನರ್ಸಮ್ಮ, ಬ್ಯಾಟರಿ ಕಂಡ ಕೂಡಲೇ ನಗು ನಿಲ್ಲಿಸಿದರು. "ಇದು ತುಂಬ ಕೆಟ್ಟದ್ದು. ನುಂಗಿದ್ರೆ ಗಂಟಲನ್ನೇ ಸುಟ್ಟುಬಿಡುತ್ತೆ. ನುಂಗಿರಬಹುದು ಅನ್ನೋ ಅನುಮಾನ ಬಂದ್ರೂ ಸಾಕು, ಕಾಯ್ಬಾರದು, ಆಸ್ಪತ್ರೆಗೆ ಓಡಬೇಕು."

ಅಪ್ಪ ಬ್ಯಾಟರಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಅದು ಅವನ ಸಾಮಾನಿನ ಚೀಲದಿಂದಲೇ ಬಿದ್ದದ್ದು. ಯಾರೂ ಕೇಳಲಿಲ್ಲ, ಅವನೇ ಹೇಳಿದ.

ಬಚ್ಚಲುಮನೆಯಲ್ಲಿ ತುಂಬಿದ ಬಕೆಟ್. ಸವಾರಿ ಅಂಚು ಹಿಡಿದು ಒಳಗೆ ಇಣುಕಿದಳು. ನೀರಿನಲ್ಲಿ ಅವಳ ಮುಖ ಅವಳನ್ನು ಕರೆಯಿತು. ಅವಳು ಬಗ್ಗಿದಳು. ಈ ವಯಸ್ಸಿನ ಮಕ್ಕಳಿಗೆ ತಲೆಯೇ ಭಾರ, ಬಗ್ಗಿದರೆ ಮುಗ್ಗರಿಸುತ್ತಾರೆ. ತಾತ ಅವಳ ಸೊಂಟ ಹಿಡಿದು ಎದೆಗೆ ಎಳೆದುಕೊಂಡರು. ಅಮ್ಮನೇ ಬಂದು ಬಕೆಟ್ ಖಾಲಿ ಮಾಡಿ ಬೋರಲು ಹಾಕಿದಳು. ಬಚ್ಚಲುಮನೆಯ ಬಾಗಿಲಿಗೆ ಮೇಲ್ಗಡೆ ಚಿಲಕ ಬಂತು.

ಕೊನೆಗೆ ಸವಾರಿ ತಾತನ ಕೋಣೆಗೆ ಹೊರಟಳು.

"ಅಲ್ಲಿ ಏನೂ ಇಲ್ಲ ಬಿಡಿ," ಎಂದರು ತಾತ.

ಸವಾರಿ ಬಿಡಲಿಲ್ಲ. ಮಂಚದ ಪಕ್ಕ ನಿಂತು ದಿಂಬಿನ ಕೆಳಗೆ ಕೈ ಹಾಕಿ ಹೊಳೆಯುವ ಒಂದು ಪಟ್ಟಿ ಎಳೆದಳು. ರಕ್ತದೊತ್ತಡದ ಮಾತ್ರೆಗಳು. ನಸುಗೆಂಪು, ಗುಂಡಗೆ, ಮಿಠಾಯಿ ಹಾಗೆ. ಎಲ್ಲರೂ ತಾತನನ್ನು ನೋಡಿದರು.

"ದೀಪದ ಬುಡದಲ್ಲೇ ಕತ್ತಲೆ," ಎಂದರು ತಾತ. ಮಾತ್ರೆಯನ್ನು ಮೊಮ್ಮಗಳ ಕೈಯಿಂದ ತಾವೇ ಬಿಡಿಸಿಕೊಂಡು, ತಾವೇ ಎದ್ದು, ಅಲಮಾರಿನ ಮೇಲಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಮಗನ ಕಡೆ ತಿರುಗಿದರು. "ಲೋ, ನಿನ್ನೆ ನಿನ್ನ ಬಾಟಲಿ ನೋಡಿ ಮನಸಲ್ಲೇ ಬೈಕೊಂಡಿದ್ದೆ. ವಾಪಸ್ ತಗೊಂಡೆ."

"ನಾನೂ ಆ ಔಷಧಿನ ಅದರ ಕ್ಯಾನಿಗೇ ವಾಪಸ್ ಸುರಿದೆ ಅಪ್ಪಾ. ಇನ್ಮೇಲೆ ಅದು ಮನೆಯೊಳಗೇ ಬರಲ್ಲ."

ಊಟವಾದ ಮೇಲೆ ಕೆಲಸ ಜೋರಾಯಿತು. ಅಡುಗೆಮನೆಯ ಬಾಗಿಲಿಗೆ ಒಂದು ಗೇಟು ಬೇಕಾಗಿತ್ತು. ಅಪ್ಪ ಹಳೆಯ ಫ್ರಿಜ್ಜುಗಳಿಂದ ಬಿಚ್ಚಿಟ್ಟಿದ್ದ ಕಂಬಿ ತಟ್ಟೆಗಳನ್ನು ಜೋಡಿಸಿ ಕಟ್ಟಿದ. ನೋಡಲು ಚೆಂದವಾಗಿತ್ತು. ತಾತ ಸುತ್ತು ಹಾಕಿ ನೋಡಿ ತಲೆಯಾಡಿಸಿದರು.

"ಕಂಬಿ ಅಡ್ಡ ಮಲಗಿಸಿದ್ದೀಯ. ನಿನ್ನ ಮಗಳಿಗೆ ಅದು ಏಣಿ. ನಿಲ್ಲಿಸು."

ಮಗ ತಿರುಗಿಸಿ ಕಟ್ಟಿದ. ಕಂಬಿಗಳ ನಡುವೆ ಮಗುವಿನ ತಲೆ ತೂರುವುದಿಲ್ಲ ಎಂದು ನರ್ಸಮ್ಮ ಖಾತ್ರಿ ಮಾಡಿಕೊಂಡರು. ಇನ್ನು ಉಳಿದದ್ದು ತೊಟ್ಟಿಯ ಕೆಳಗಿನ ಕಪಾಟು. ಅದಕ್ಕೆ ಚಿಲಕ ಕೂರುತ್ತಿರಲಿಲ್ಲ. ಎಲ್ಲರೂ ಯೋಚಿಸುತ್ತ ನಿಂತಿದ್ದಾಗ ತಾತ ನಡುಮನೆಗೆ ಹೋದರು. ಬಸ್ ಸೀಟಿನಿಂದ ಬೆಲ್ಟ್ ಬಿಚ್ಚಿಕೊಂಡು ಬಂದರು. ಕಪಾಟಿನ ಎರಡು ಹಿಡಿಗಳ ನಡುವೆ ಅದನ್ನು ತೂರಿಸಿ, ಎಳೆದು, ಟಕ್ ಎಂದು ಹಾಕಿದರು. ಸವಾರಿ ಗೇಟಿನಾಚೆಯಿಂದ ನೋಡುತ್ತಿದ್ದಳು.

"ಮಗೂನ ಕಟ್ಟೋದಲ್ಲ, ಇದನ್ನ ಕಟ್ಟಬೇಕಿತ್ತು," ಎಂದರು ತಾತ.

ಆದರೆ ಅಮ್ಮನ ಏಪ್ರನ್ ಇನ್ನೂ ಮೊಳೆಯ ಮೇಲೇ ಇತ್ತು. ಅವಳು ಅದರ ಕಡೆ ನೋಡುತ್ತಲೂ ಇರಲಿಲ್ಲ. ಅದನ್ನು ಕಂಡ ತಾತ ಮಗನ ಕೈಯಿಂದ ಸೀಟಿ ಕಿತ್ತುಕೊಂಡರು.

"ಎಲ್ಲರೂ ಹೊರಗೆ ನಡೀರಿ. ಈಗ ನಾನು, ಸವಾರಿ, ಇಬ್ಬರೇ. ಕತ್ತಲಾಗೋ ತನಕ ಯಾರೂ ಒಳಗೆ ಕಾಲಿಡಬಾರದು."

"ಒಂದು ಮಾತು," ಎಂದರು ನರ್ಸಮ್ಮ. "ಮನೆ ಎಷ್ಟೇ ಭದ್ರ ಮಾಡಿದ್ರೂ ಕಣ್ಣು ಮಗು ಮೇಲೇ ಇರಬೇಕು. ಬೆಲ್ಟು, ಗೇಟು ಯಾವುದೂ ಕಣ್ಣಿಗೆ ಬದಲಿ ಅಲ್ಲ."

"ನಿದ್ದೆ ಬಂದ್ರೆ?"

"ಅವಳು ಮಲಗಿದಾಗ ಮಲಗಿ."

ಮೂವರೂ ಹೊರಗೆ ಬಂದು ಮೇಲಿನ ಮನೆಯ ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಪುಟ್ಟ ಪಾದಗಳ ಟಪ ಟಪ. ಏನೋ ಎಳೆಯುವ ಸದ್ದು. ತಾತನ ದನಿ: "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಖಾಲಿ ಇದೆ!" ಅಮ್ಮ ಉಗುರು ಕಚ್ಚುತ್ತಿದ್ದಳು. ಸೂರ್ಯ ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ ಇಳಿಯತೊಡಗಿದ.

ಆಗ ಧಡ್ ಎಂದು ಸದ್ದಾಯಿತು. ಒಂದು ಕ್ಷಣ ಮೌನ. ಆಮೇಲೆ ಅಳು.

ಅಮ್ಮ ಎದ್ದೇಬಿಟ್ಟಳು. ನರ್ಸಮ್ಮ ಅವಳ ಕೈ ಹಿಡಿದರು. "ಅಳ್ತಿದ್ದಾಳೆ ಅಂದ್ರೆ ಉಸಿರು ಚೆನ್ನಾಗಿದೆ ಅಂತ. ತಡಿ. ಮಾವ ಇದ್ದಾರೆ."

ಅಳು ಏರಿತು, ಇಳಿಯಿತು, ಬಿಕ್ಕಿತು. ಆಮೇಲೆ ಮತ್ತೆ ಟಪ ಟಪ ಟಪ. ಅದರ ಹಿಂದೆಯೇ ಒಂದು ಕಿಲಕಿಲ ನಗು. ಅಮ್ಮ ಮತ್ತೆ ಕೂತಳು. ಕೂತ ಮೇಲೆ ಅವಳ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನಗು ಬಂತು. ಯಾವುದನ್ನು ಮೊದಲು ಒರೆಸಿಕೊಳ್ಳುವುದು ಎಂದು ತಿಳಿಯಲಿಲ್ಲ.

ಬೀದಿ ದೀಪ ಹತ್ತಿದಾಗ ಬಾಗಿಲು ತೆರೆಯಿತು. ತಾತ ನೆಲದ ಮೇಲೆ ಕೂತಿದ್ದರು, ಮಂಡಿಯ ಕೈಗವಸು ಬಿಚ್ಚಿರಲಿಲ್ಲ. ಸವಾರಿ, ತಾತ ಗಿಡ್ಡ ಪಟ್ಟಿ ಕಟ್ಟಿಕೊಟ್ಟ ಚಪ್ಪಲಿ ಡಬ್ಬಿಯೊಂದನ್ನು ಎಳೆಯುತ್ತಿದ್ದಳು. ಡಬ್ಬಿಯಲ್ಲಿ ಒಂದು ಗೊಂಬೆ, ಒಂದು ಸೌಟು, ತಾತನ ಕನ್ನಡಕದ ಪೆಟ್ಟಿಗೆ.

"ಬಿದ್ದಳಾ ಮಾವ?"

"ಬಿದ್ದಳು. ನಾನು ಏಳೋಷ್ಟರಲ್ಲಿ ಅವಳೇ ಎದ್ದಳು. ಸಮ ನೆಲ, ಸುತ್ತ ಚೂಪಾದ್ದು ಏನೂ ಇಲ್ಲ. ಬಿದ್ರೆ ಬೀಳಲಿ ಬಿಡು, ಬೀಳದೆ ಯಾರು ನಡೆಯೋದು ಕಲಿತಿದ್ದಾರೆ?" ತಾತ ಗೋಡೆಯ ಮೊಳೆಯ ಕಡೆ ಬೆರಳು ತೋರಿಸಿದರು. "ಅದನ್ನ ತೆಗೆದು ಹಾಕ್ಕೋ. ಅಳತೆ ಸರಿ ಇದೆಯಾ ನೋಡೋಣ."

ಅಮ್ಮ ಏಪ್ರನ್ ತೊಟ್ಟಳು. ಅಳತೆ ಸರಿಯಾಗಿತ್ತು. ಸವಾರಿ ಬಂದು ಅದರ ಅಂಚು ಹಿಡಿದು ಎಳೆದಳು, ಅಮ್ಮನನ್ನೂ ತನ್ನ ಡಬ್ಬಿಯ ಹಿಂದೆ ಮನೆಯ ಸುತ್ತ ಕರೆದುಕೊಂಡು ಹೋದಳು.

"ಕ್ಲೀನರ್‌ಗೆ ಬಡ್ತಿ ಸಿಕ್ತು," ಎಂದರು ನರ್ಸಮ್ಮ.

ಸೋಮವಾರ ಬೆಳಗ್ಗೆ, ಸವಾರಿ ಏಳುವ ಮುಂಚೆ, ತಾತ ಮನೆಗೆ ಒಂದು ಸುತ್ತು ಹಾಕಿದರು. ಬೋರಲು ಬಿದ್ದ ಬಕೆಟ್ಟನ್ನು, ಹಿಂದೆ ಟಯರ್ ಒದ್ದ ಹಾಗೆ, ಕಾಲ ತುದಿಯಲ್ಲಿ ಒದ್ದು ನೋಡಿದರು. ಕಪಾಟಿನ ಬೆಲ್ಟ್ ಎಳೆದರು. ಬಗ್ಗಿ ಸೋಫಾದ ಕೆಳಗೆ ಇಣುಕಿದರು. ನಡುಮನೆಯಲ್ಲಿ ಬಸ್ ಸೀಟು ಇರಲಿಲ್ಲ. ಅದು ಬಾಗಿಲಾಚೆಯ ಜಗುಲಿಗೆ ಹೋಗಿತ್ತು, ತಾತ ಕೂರುವುದಕ್ಕೆ.

ಅಮ್ಮ ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ತಿರುಗಿ ನೋಡಿದಳು. ಮಗುವನ್ನು ಎತ್ತಿಕೊಂಡ ತಾತ ಸೀಟಿ ಊದಿದರು, ಬೀದಿಗೆಲ್ಲ ಕೇಳುವಂತೆ.

"ರೈಟ್, ರೈಟ್! ಹೋಗಮ್ಮ, ಗಾಡಿ ಬಿಡು!"

ಮಧ್ಯಾಹ್ನ ಅವಳು ಬ್ರೆಡ್ಡಿನ ಬಿಸಿ ವಾಸನೆ ಹೊತ್ತು ಹಿಂದಿರುಗಿದಾಗ, ಒಳಕೋಣೆಯಿಂದ ಒಂದು ಟಪ ಟಪ ಹೊರಟಿತು. ನಡುಮನೆ ದಾಟಿತು. ಹೊಸ್ತಿಲ ಬಳಿ ತಾತನ ಬೆರಳು ಹಿಡಿಯಿತು, ಹೊಸ್ತಿಲು ದಾಟಿತು, ಬೆರಳು ಬಿಟ್ಟಿತು. ಜಗುಲಿಯ ಉದ್ದಕ್ಕೂ ಯಾರ ಕೈಯೂ ಇಲ್ಲದೆ ಬಂದು ಏಪ್ರನ್ನಿಗೆ ಢಿಕ್ಕಿ ಹೊಡೆದು ನಿಂತಿತು.

"ಬಂತು ಸವಾರಿ!" ಎಂದರು ತಾತ. ಆ ಮೀಸೆಯನ್ನು ನೀವು ಆಗ ನೋಡಬೇಕಿತ್ತು.

ಇದನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಒಂದು ಸವಾರಿ ಇದ್ದರೆ ನಾಳೆಯವರೆಗೆ ಕಾಯಬೇಡಿ. ಈಗಲೇ ನೆಲಕ್ಕೆ ಇಳಿಯಿರಿ. ಮಂಡಿಗೆ ಬಟ್ಟೆ ಕಟ್ಟಿಕೊಳ್ಳಿ, ಯಾರಾದರೂ ನಕ್ಕರೆ ಅವರನ್ನೂ ಕರೆಯಿರಿ. ನಿಮ್ಮ ಮಗು ನೋಡುವ ಎತ್ತರದಿಂದ ನಿಮ್ಮ ಮನೆಯನ್ನು ಒಮ್ಮೆ ನೋಡಿ. ತುಂಬಿದ ಬಕೆಟ್, ದಿಂಬಿನಡಿಯ ಮಾತ್ರೆ, ಜ್ಯೂಸ್ ಬಾಟಲಿಯೊಳಗಿನ ವಿಷ, ಎಲ್ಲವೂ ಅಲ್ಲೇ ನಿಮಗಾಗಿ ಕಾಯುತ್ತಿರುತ್ತವೆ. ನಿಮಗೆ ಸಿಗಲಿ, ಮಗುವಿಗೆ ಸಿಗದಿರಲಿ. ಕಟ್ಟಬೇಕಾದ್ದನ್ನು ಕಟ್ಟಿ, ಎತ್ತಿಡಬೇಕಾದ್ದನ್ನು ಎತ್ತಿಡಿ.

ಆಮೇಲೆ ಮಗುವಿನ ಕೈ ಬಿಡಿ, ಕಣ್ಣು ಮಾತ್ರ ಬಿಡಬೇಡಿ. ಗಟ್ಟಿಯಾಗಿ ಹೇಳಿ: ರೈಟ್, ರೈಟ್!